ಕ್ಲೋನ್ ಆಗಿದೆ, ಡಿಸ್ಕ್ ಮಾತ್ರ ತೆರೆಯುತ್ತಿಲ್ಲ: 512 ಮತ್ತು 4096ರ ತಕರಾರು

ಹಳೇ ಡಿಸ್ಕನ್ನು ಹೊಸದಕ್ಕೆ ಇದ್ದ ಹಾಗೇ ಕಾಪಿ ಮಾಡುವ ಕ್ಲೋನ್ ಸಾಫ್ಟ್‌ವೇರ್ ನೂರು ಪರ್ಸೆಂಟ್ ತೋರಿಸುತ್ತದೆ, ಒಂದೂ ಎರರ್ ಇಲ್ಲ. ಹೊಸ ಡಿಸ್ಕ್ ಮಾತ್ರ ಬೂಟ್ ಆಗುವುದಿಲ್ಲ. ಬೇರೆ ಕಂಪ್ಯೂಟರಿಗೆ ಹಾಕಿದರೆ ‘ಇನಿಶಿಯಲೈಸ್ ಮಾಡಿ’ ಅನ್ನುತ್ತದೆ. ಇಂಥ ಡಿಸ್ಕ್ ಕೈಗೆ ಬಂದರೆ ಕೇಬಲ್, ಬ್ಯಾಡ್ ಸೆಕ್ಟರ್ ಎಂದೆಲ್ಲ ಹುಡುಕುವ ಮೊದಲು ನಾನು ನೋಡುವುದು ಎರಡೂ ಡಿಸ್ಕಿನ ಸೆಕ್ಟರ್ ಗಾತ್ರ, ಅಂದರೆ ಡಿಸ್ಕ್ ಓದಿ ಬರೆಯುವ ಒಂದು ತುಂಡು ಎಷ್ಟು ಬೈಟು ಎಂಬುದು.

ಲಿನಕ್ಸ್ ಲೈವ್ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಎಫ್‌ಡಿಸ್ಕ್ ಕಮಾಂಡಿಗೆ ಮೈನಸ್ ಎಲ್ ಕೊಟ್ಟರೆ ಸಾಕು. ‘ಸೆಕ್ಟರ್ ಸೈಜ್’ ಸಾಲಿನಲ್ಲಿ ಮೊದಲು ಲಾಜಿಕಲ್ (ಡಿಸ್ಕ್ ಕಂಪ್ಯೂಟರಿಗೆ ಹೇಳುವ), ಆಮೇಲೆ ಫಿಸಿಕಲ್ (ಒಳಗೆ ನಿಜಕ್ಕೂ ಇರುವ) ಗಾತ್ರ ಬರುತ್ತದೆ. 512/512 ಹಳೇ ನಮೂನೆ, 512/4096 ಅಂದರೆ 512ಇ, 4096/4096 ಅಂದರೆ 4ಕೆಎನ್. ಕ್ಲೋನಿಗೆ ಲೆಕ್ಕಕ್ಕೆ ಬರುವುದು ಮೊದಲ ಸಂಖ್ಯೆ. ಫಿಸಿಕಲ್ ಬೇರೆ ಇದೆ ಎಂದು ಗಾಬರಿಯಾಗಬೇಕಿಲ್ಲ. ಎಕ್ಸ್‌ಪಿ ಕಾಲದ ಹಾಗೆ ಪಾರ್ಟಿಶನ್ 63ನೇ ಸೆಕ್ಟರಿನಿಂದ ಶುರುವಾಗಿದ್ದರೆ ಬರೆಯುವ ವೇಗ ಬೀಳುತ್ತದೆ, ಅಷ್ಟೇ.

ಲಾಜಿಕಲ್ ಬೇರೆಯಾದರೆ ಕಥೆ ಬೇರೆ. ಕ್ಲೋನ್ ಬೈಟುಗಳನ್ನು ಇದ್ದ ಹಾಗೇ ಇಳಿಸುತ್ತದೆ, ಯಾವ ಭಾಗ ಎಲ್ಲಿ ಶುರು ಎಂದು ಬರೆದಿಟ್ಟ ಪಾರ್ಟಿಶನ್ ಟೇಬಲ್ ಮಾತ್ರ ಸೆಕ್ಟರ್ ಎಣಿಸುತ್ತದೆ. 2048ನೇ ಸೆಕ್ಟರ್ ಅಂದರೆ ಒಂದರಲ್ಲಿ 1 ಎಂಬಿ, ಇನ್ನೊಂದರಲ್ಲಿ 8 ಎಂಬಿ. ಜಿಪಿಟಿ (ಈಗಿನ ನಮೂನೆಯ ಪಾರ್ಟಿಶನ್ ಟೇಬಲ್) ಹೆಡರ್ ಇರಬೇಕಾದದ್ದು ಸೆಕ್ಟರ್ 1ರಲ್ಲಿ. 512ರ ಡಿಸ್ಕಿನಿಂದ ಕ್ಲೋನ್ ಆಗಿದ್ದರ ಹೆಕ್ಸ್ ಡಂಪ್ (ಬೈಟುಗಳ ಪಟ್ಟಿ) ತೆಗೆದು ನೋಡಿ: ‘ಇಎಫ್‌ಐ ಪಾರ್ಟ್’ ಎಂಬ ಗುರುತು ಹೆಕ್ಸ್ 200ರಲ್ಲಿ (ಅಂದರೆ 512) ಕೂತಿರುತ್ತದೆ, 4ಕೆಎನ್ ಡಿಸ್ಕಿನಲ್ಲಿ ಸಿಸ್ಟಮ್ ಹುಡುಕುವುದು ಹೆಕ್ಸ್ 1000ದಲ್ಲಿ (ಅಂದರೆ 4096). ಅಲ್ಲಿ ಸಿಗದಿದ್ದರೆ ಡಿಸ್ಕ್ ಖಾಲಿ ಎಂದೇ ಅದರ ತೀರ್ಮಾನ.

ಟೇಬಲ್ ತಿದ್ದಿದರೆ ಸರಿಹೋಗುತ್ತದೆಯೇ? ಫೈಲ್ ಸಿಸ್ಟಮ್ (ಫೈಲುಗಳನ್ನು ಜೋಡಿಸಿಡುವ ವಿಧಾನ) ಯಾವುದು ಎಂಬುದರ ಮೇಲಿದೆ. ಲಿನಕ್ಸಿನ ಇಎಕ್ಸ್‌ಟಿ4 ಬ್ಲಾಕ್ 4096 ಇದ್ದರೆ, ಶುರು ಮತ್ತು ಉದ್ದವನ್ನು 8ರಿಂದ ಭಾಗಿಸಿ ಹೊಸ ಜಿಪಿಟಿ ಬರೆದಾಗ ತೆರೆಯುತ್ತದೆ. 1024ರ ಬ್ಲಾಕ್ ಇರುವ ಚಿಕ್ಕ ಬೂಟ್ ಪಾರ್ಟಿಶನ್ ತೆರೆಯುವುದಿಲ್ಲ. 512ರ ಸೆಕ್ಟರಿನಲ್ಲಿ ಮಾಡಿದ ಎಕ್ಸ್‌ಎಫ್‌ಎಸ್ ಮೌಂಟ್ ಆಗಲು ಒಪ್ಪುವುದೇ ಇಲ್ಲ. ವಿಂಡೋಸಿನ ಎನ್‌ಟಿಎಫ್‌ಎಸ್ ಬೂಟ್ ಸೆಕ್ಟರಿನ 11 ಮತ್ತು 12ನೇ ಬೈಟಿನಲ್ಲಿ 00 02 ಇರುತ್ತದೆ, ಅಂದರೆ 512. ಅದನ್ನು 00 10 ಮಾಡಿದರಾಯಿತು ಎಂಬ ಸಲಹೆ ನಂಬಬೇಡಿ. ಒಳಗಿನ ಎಂಎಫ್‌ಟಿ (ಫೈಲುಗಳ ಪಟ್ಟಿ) ದಾಖಲೆಗಳು ಸಾಮಾನ್ಯವಾಗಿ ತಲಾ 1024 ಬೈಟು. 4ಕೆಎನ್‌ನಲ್ಲಿ ಅವು 4096 ಇರಬೇಕು.

ಹಾಗಾಗಿ ಕ್ಲೋನಿಗೆ ಮೊದಲೇ ಹೊಸ ಡಿಸ್ಕನ್ನು 512ಕ್ಕೆ ತರುವುದು ನನ್ನ ಮೊದಲ ಆಯ್ಕೆ. ಎನ್‌ವಿಎಂಇ ಎಸ್‌ಎಸ್‌ಡಿ ಆದರೆ ಎನ್‌ವಿಎಂಇ ಐಡಿ-ಎನ್‌ಎಸ್ ಕಮಾಂಡಿಗೆ ಮೈನಸ್ ದೊಡ್ಡ ಎಚ್ ಸೇರಿಸಿ. ಡ್ರೈವ್ ಒಪ್ಪುವ ಗಾತ್ರಗಳ ಪಟ್ಟಿ ಬರುತ್ತದೆ, ಈಗ ಯಾವುದು ಬಳಕೆಯಲ್ಲಿದೆ ಎಂಬುದೂ ಕಾಣುತ್ತದೆ. 512ರ ಕ್ರಮಸಂಖ್ಯೆ ನೋಡಿಕೊಂಡು ಎನ್‌ವಿಎಂಇ ಫಾರ್ಮ್ಯಾಟ್ ಕೊಡಿ. ಇದು ಡ್ರೈವ್ ಪೂರ್ತಿ ಅಳಿಸುತ್ತದೆ, ಹೆಸರು ಎರಡು ಸಲ ಓದಿ ಎಂಟರ್ ಒತ್ತಿ. ಸರ್ವರ್ ದರ್ಜೆಯ ಕೆಲವು ಸಾಟಾ ಡಿಸ್ಕಿನಲ್ಲೂ ಎಚ್‌ಡಿಪಾರ್ಮ್ ಕಮಾಂಡಿನಿಂದ ಗಾತ್ರ ಬದಲಿಸಬಹುದು. ನಡುವೆ ಕರೆಂಟ್ ಹೋಗಬಾರದು, ಯುಪಿಎಸ್ ಇಲ್ಲದೆ ಕೈಹಾಕಬೇಡಿ.

512 ಒಪ್ಪದ ಡಿಸ್ಕಾದರೆ ವಿಂಡೋಸಿಗೆ ಕ್ಲೋನ್ ಆಸೆ ಬಿಡಿ. ಹೊಸ ಜಿಪಿಟಿ ಮಾಡಿ, ವಿಂಡೋಸಿನ ಡಿಸ್ಮ್ ಕಮಾಂಡಿನಿಂದ ಹಳೇದರ ಇಮೇಜ್ ತೆಗೆದು ಇಳಿಸಿ, ಬೂಟ್ ಫೈಲ್ ಬರೆಯುವ ಬಿಸಿಡಿಬೂಟ್ ಓಡಿಸಿ. ಬೂಟ್ ಫೈಲ್ ಇರುವ ಇಎಫ್‌ಐ ಪಾರ್ಟಿಶನ್ 260 ಎಂಬಿಗೆ ಕಡಿಮೆ ಇಡಬೇಡಿ: ಫ್ಯಾಟ್32ಗೆ 65 ಸಾವಿರ ಚಿಲ್ಲರೆ ಕ್ಲಸ್ಟರ್ ಬೇಕು, ತಲಾ 4096 ಬೈಟಿನಂತೆ ಅದೇ 256 ಎಂಬಿ ಆಗುತ್ತದೆ. ಹಳೇ 100 ಎಂಬಿ ಇಲ್ಲಿ ನಡೆಯದು. ಹಳೇ ಬಯೋಸ್ ಸಾಲದು, ಯುಇಎಫ್‌ಐ ಕಡ್ಡಾಯ, ವಿಂಡೋಸ್ 7ಕ್ಕೆ 4ಕೆಎನ್ ಗೊತ್ತೇ ಇಲ್ಲ.

ಜನರನ್ನು ಹೆಚ್ಚು ಹೆದರಿಸುವುದು ಡಿಸ್ಕ್ ಹಾಕಿಡುವ ಯುಎಸ್‌ಬಿ ಡಬ್ಬಿ. ಹಳೇ ನಮೂನೆಯ ಪಾರ್ಟಿಶನ್ ಟೇಬಲ್ ಆದ ಎಂಬಿಆರ್‌ನಲ್ಲೇ 2 ಟಿಬಿ ದಾಟಲಿ ಎಂದು ಕೆಲವು ಡಬ್ಬಿಗಳ ಚಿಪ್ 512ರ ಡಿಸ್ಕನ್ನು 4096 ಎಂದು ತೋರಿಸುತ್ತದೆ. ಅದೇ ಡಿಸ್ಕನ್ನು ಬಿಚ್ಚಿ ಸಾಟಾಗೆ ಹಾಕಿದರೆ ಪಾರ್ಟಿಶನ್ ಎಂಟನೇ ಒಂದು ಭಾಗಕ್ಕೆ ಕುಗ್ಗಿರುತ್ತದೆ, ಇಲ್ಲವೇ ಮಾಯ. ಡೇಟಾಗೆ ಏನೂ ಆಗಿರುವುದಿಲ್ಲ. ‘ಇನಿಶಿಯಲೈಸ್’ ಮಾತ್ರ ಒತ್ತಬೇಡಿ. ಲಿನಕ್ಸಿನಲ್ಲಿ ಲೋಸೆಟಪ್ ಕಮಾಂಡಿಗೆ ಮೈನಸ್ ಆರ್, ಮೈನಸ್ ಬಿ 4096, ಮೈನಸ್ ದೊಡ್ಡ ಪಿ, ಮೈನಸ್ ಎಫ್ ಕೊಟ್ಟು ಡಿಸ್ಕಿನ ಹೆಸರು ಬರೆದರೆ ಅದೇ ಡಿಸ್ಕ್ 4096ರ ಲೆಕ್ಕದಲ್ಲಿ ರೀಡ್-ಓನ್ಲಿಯಾಗಿ ಎದ್ದು ನಿಲ್ಲುತ್ತದೆ, ಪಾರ್ಟಿಶನ್ ಸಮೇತ. ಮೌಂಟ್ ಮಾಡಿ ಫೈಲ್ ಕಾಪಿ ಮಾಡಿಕೊಳ್ಳಿ. ಇದೇ ಕಾರಣಕ್ಕೆ ನಾನು ಹೊಸ ಡಿಸ್ಕನ್ನು ಡಬ್ಬಿಯಲ್ಲಿಟ್ಟು ಕ್ಲೋನ್ ಮಾಡುವುದಿಲ್ಲ. ಕೊನೆಗೆ ಯಾವ ಪೋರ್ಟಿನಲ್ಲಿ ಕೂರಬೇಕೋ ಅಲ್ಲೇ ಹಾಕಿ ಗಾತ್ರ ನೋಡುತ್ತೇನೆ.

ಗುಜರಿ ಸರ್ವರಿನಿಂದ ಬಂದ ಸ್ಯಾಸ್ ಡಿಸ್ಕಿನಲ್ಲಿ 520 ಎಂದು ಕಂಡರೆ ಕ್ಲೋನಿನ ಮಾತೇ ಬೇಡ. ಎಸ್‌ಜಿ-ಫಾರ್ಮ್ಯಾಟ್ ಕಮಾಂಡಿನಿಂದ ಮೊದಲು 512 ಮಾಡಿ. ದೊಡ್ಡ ಡಿಸ್ಕಾದರೆ ಗಂಟೆಗಟ್ಟಲೆ ಹಿಡಿಯುತ್ತದೆ, ಸಂಜೆ ಹಚ್ಚಿಟ್ಟು ಬೆಳಿಗ್ಗೆ ನೋಡಿ.