ಅತಿಥಿಗಳ ಜೊತೆ ಆಟ ನೋಡಿದ ರಾತ್ರಿಗಳು

“ರಾತ್ರಿ ಇಲ್ಲಿ ಏನಿದೆ?”

ಶಿರಸಿ ಹತ್ತಿರದ ನಮ್ಮ ಮನೆಯ ಎರಡು ಕೋಣೆಗಳನ್ನು ಹೋಂಸ್ಟೇಗೆ ಬಿಟ್ಟಾಗಿನಿಂದ ಬಂದವರೆಲ್ಲ ಕೇಳುವ ಪ್ರಶ್ನೆ ಇದು. ಹಗಲಿಗೆ ತೊಂದರೆ ಇಲ್ಲ. ಸಹಸ್ರಲಿಂಗ ಇದೆ, ಯಾಣ ಇದೆ, ಬನವಾಸಿ ಇದೆ, ಘಟ್ಟ ಇಳಿದರೆ ಸಮುದ್ರ ಇದೆ. ಆದರೆ ಕತ್ತಲಾಗಿ ತೋಟದಲ್ಲಿ ಜೀರುಂಡೆ ಶುರುವಾದ ಮೇಲೆ ಬೆಂಗಳೂರಿನವರು ಫೋನ್ ಹಿಡಿದು ಜಗಲಿಯ ಮೇಲೆ ಸುಮ್ನೆ ಕೂರುತ್ತಿದ್ದರು. ಅವರ ಊರಿನಲ್ಲಿ ಶನಿವಾರ ಅಂದರೆ ಇಂದಿರಾನಗರ, ಕೋರಮಂಗಲ, ಬ್ಯಾಂಡು, ಹಾಡು. ಇಲ್ಲಿ ಊಟ ಆಯಿತು, ಇನ್ನು ಮಲಗಿ ಎನ್ನಲು ನನಗೆ ಮನಸ್ಸು ಬರುತ್ತಿರಲಿಲ್ಲ. ನಾನು ಬೆಳೆದದ್ದೇ ರಾತ್ರಿ ನಿದ್ದೆಗೆಟ್ಟು. ಆಯಿಯ ಮಡಿಲಲ್ಲಿ ಮಲಗಿ, ಚಂಡೆಯ ಸದ್ದಿಗೆ ಎದ್ದು, ಮತ್ತೆ ಮಲಗಿ ಬೆಳಗಿನವರೆಗೆ ಯಕ್ಷಗಾನ ನೋಡಿದವನು ನಾನು. ನಮ್ಮ ಕಡೆ ಅದಕ್ಕೆ ಆಟ ಎನ್ನುತ್ತೇವೆ.

ಮೊದಲ ವರ್ಷ ನಾನು ಒಂದು ತಪ್ಪು ಮಾಡಿದೆ. ಆಟವನ್ನೇ ಅಂಗಳಕ್ಕೆ ತರಿಸಿದೆ. ಪದ್ಯ ಹಾಡುವ ಒಬ್ಬ ಭಾಗವತರು, ಮದ್ದಳೆ, ಚಂಡೆ, ಎರಡು ವೇಷ. ಅರ್ಧ ಗಂಟೆ ಸಾಕು ಎಂದು ಹೇಳಿದ್ದೆ. ಅತಿಥಿಗಳು ಬಜ್ಜಿ ತಿನ್ನುತ್ತಾ ನೋಡಿದರು, ಫೋಟೋ ತೆಗೆಸಿಕೊಂಡರು, ಚೆನ್ನಾಗಿತ್ತು ಅಂದರು. ವೇಷ ಕಳಚುವಾಗ ಒಬ್ಬ ಹಿರಿಯ ಕಲಾವಿದರು ಮೆಲ್ಲಗೆ ಹೇಳಿದರು: “ಮುಖಕ್ಕೆ ಬಣ್ಣ ಹಚ್ಚಲಿಕ್ಕೆ ಎರಡು ತಾಸು ಬೇಕಾಯಿತು. ಕುಣಿಯಲಿಕ್ಕೆ ಅರ್ಧ ತಾಸು ಕೊಟ್ರಿ.” ಬೇಜಾರಿನಿಂದ ಹೇಳಿದ್ದಲ್ಲ, ಆದರೂ ಆ ಮಾತು ನನಗೆ ನಾಟಿತು. ಅವತ್ತೇ ನಿರ್ಧಾರ ಮಾಡಿದೆ. ಆಟ ನಮ್ಮ ಮನೆಗೆ ಬರುವುದು ಬೇಡ, ನಾವು ಆಟ ಇದ್ದಲ್ಲಿಗೆ ಹೋಗೋಣ. ಯಾರೋ ಹರಕೆ ಹೊತ್ತು ಆಡಿಸುವ, ಊರಿನವರು ತಮಗಾಗಿ ಸೇರುವ ರಾತ್ರಿಗೆ ಪ್ರವಾಸಿ ಹೋಗಿ ಮೂಲೆಯಲ್ಲಿ ಕೂರಬೇಕು. ಅವನಿಗಾಗಿಯೇ ಮಾಡಿದ ಕಾರ್ಯಕ್ರಮದಲ್ಲಿ ಆ ಜೀವ ಇರುವುದಿಲ್ಲ.

ಹೇಳುವುದು ಸುಲಭ. ಮಾಡಲಿಕ್ಕೆ ಹೊರಟಾಗ ಒಂದೊಂದೇ ಕಲಿಯಬೇಕಾಯಿತು.

ಮೇಳಗಳ, ಅಂದರೆ ಆಟ ಆಡುವ ತಂಡಗಳ, ತಿರುಗಾಟ ಸುಮಾರು ನವೆಂಬರ್‌ನಿಂದ ಮೇ ತನಕ, ಮಳೆ ಹಿಡಿಯುವ ಮುಂಚೆ ಮುಗಿಯುತ್ತದೆ. ಇವತ್ತು ಯಾವ ಊರಲ್ಲಿ ಯಾವ ಮೇಳ ಎಂದು ತಿಳಿಯಲು ಬಸ್‌ಸ್ಟ್ಯಾಂಡ್ ಗೋಡೆಯ ಪೋಸ್ಟರ್ ನೋಡಬೇಕು, ಮೈಕ್ ಕಟ್ಟಿಕೊಂಡು ತಿರುಗುವ ಆಟೋ ಕೇಳಬೇಕು. ಈಗ ವಾಟ್ಸಾಪ್ ಗುಂಪುಗಳೂ ಇವೆ. ನಾನಂತೂ ಕುಮಟಾ, ಹೊನ್ನಾವರ ಕಡೆಯ ಭಾವಂದಿರಿಗೆ ಫೋನ್ ಮಾಡುತ್ತೇನೆ. ಎಲ್ಲಿ ಎನ್ನುವುದರ ಜೊತೆಗೆ ಭಾಗವತರು ಯಾರು, ಪ್ರಸಂಗ ಅಂದರೆ ಆಡುವ ಕಥೆ ಯಾವುದು ಎಂದೂ ಕೇಳುತ್ತೇನೆ. ಮೊದಲ ಸಲ ನೋಡುವವರಿಗೆ ಪುರಾಣದ ಕಥೆಯೇ ಒಳ್ಳೆಯದು. ಕೀಚಕನದ್ದೋ, ಭಸ್ಮಾಸುರನದ್ದೋ ಆದರೆ ಮಾತು ತಿಳಿಯದಿದ್ದರೂ ಕುಣಿತದಲ್ಲೇ ಕಥೆ ಸಿಗುತ್ತದೆ. ಸಂಜೆ ಚಹಾ ಕುಡಿಯುವಾಗ ಇಡೀ ಕಥೆಯನ್ನು ಕೊನೆಯವರೆಗೆ ಹೇಳಿಬಿಡುತ್ತೇನೆ. ಕುತೂಹಲ ಹಾಳಾಗುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಇಲ್ಲ. ಕೀಚಕ ಸಾಯುತ್ತಾನೆ ಎಂದು ಊರಿಗೆಲ್ಲ ಗೊತ್ತು. ಇವತ್ತಿನ ಕೀಚಕ ಹೇಗೆ ಸಾಯುತ್ತಾನೆ ಎಂದು ನೋಡಲು ಜನ ಬರುತ್ತಾರೆ. ಹೊನ್ನಾವರ ತಾಲೂಕಿನ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಆ ಪಾತ್ರವನ್ನು ಎಷ್ಟು ಸಲ ಮಾಡಿದರೂ ಜನ ಮತ್ತೆ ಮತ್ತೆ ಹೋಗಿ ಕೂತದ್ದು ಅದಕ್ಕೇ ಅಲ್ವಾ? 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2017ರಲ್ಲಿ ತೀರಿಕೊಂಡರು. ಅವರ ಶೃಂಗಾರದ ಕುಣಿತವನ್ನು ಕಣ್ಣಾರೆ ನೋಡಿದ್ದು ನನ್ನ ಪುಣ್ಯ.

ಮಧ್ಯಾಹ್ನ ಊಟ ಆದ ಮೇಲೆ ಅತಿಥಿಗಳಿಗೆ ಕಡ್ಡಾಯ ನಿದ್ದೆ. ಇದನ್ನು ಮಾಡದವರು ಹನ್ನೊಂದಕ್ಕೇ ತೂಕಡಿಸುತ್ತಾರೆ. ಚಾಪೆ, ಕಂಬಳಿ, ಫ್ಲಾಸ್ಕಿನಲ್ಲಿ ಕಷಾಯ ಕಾರಿನ ಡಿಕ್ಕಿಯಲ್ಲಿ ಯಾವಾಗಲೂ ಇರುತ್ತವೆ. ಬಯಲಾಟವಾದರೆ ಕುರ್ಚಿಗಿಂತ ಮುಂದೆ ಚಾಪೆಯ ಮೇಲೆ ಕೂರುವುದೇ ಚಂದ. ಡಿಸೆಂಬರ್, ಜನವರಿಯಲ್ಲಿ ಘಟ್ಟದ ಮೇಲೆ ಮೂರು ಗಂಟೆಗೆ ಇಬ್ಬನಿ ಬಿದ್ದು ತಲೆ ಒದ್ದೆಯಾಗುತ್ತದೆ. ಶಾಲು ಬೇಕೇ ಬೇಕು.

ಆಟ ಶುರುವಾಗುವ ಮುಂಚೆ ಎಂಟು ಗಂಟೆಗೇ ಚೌಕಿಗೆ ಹೋಗುತ್ತೇವೆ. ಚೌಕಿ ಅಂದರೆ ಕಲಾವಿದರು ವೇಷ ಕಟ್ಟುವ ಜಾಗ. ಅಲ್ಲಿ ಗಣಪತಿ ಪೂಜೆ ಆಗುತ್ತದೆ. ಮೊದಲು ಹಿರಿಯರ ಹತ್ತಿರ ನಾನು ಕೇಳಿ, ಅವರು ಹೂಂ ಅಂದ ಮೇಲೆ ಅತಿಥಿಗಳನ್ನು ಕರೆಯುತ್ತೇನೆ. ಚಪ್ಪಲಿ ಹೊರಗೆ. ಗೆಜ್ಜೆ ದಾಟಬಾರದು. ಫ್ಲಾಶ್ ಹಾಕಬಾರದು. ನಮ್ಮ ಕಡೆಯ ಯಕ್ಷಗಾನ ಶೈಲಿಯಾದ ಬಡಗುತಿಟ್ಟಿನ ಮುಂಡಾಸನ್ನು ಕಲಾವಿದ ಬಟ್ಟೆ ಸುತ್ತಿ ಸುತ್ತಿ ಕಟ್ಟಿಕೊಳ್ಳುತ್ತಾನೆ. ಈಗಷ್ಟೇ ಬೀಡಿ ಸೇದುತ್ತಾ ಕೂತಿದ್ದ ಬಡಕಲು ಮನುಷ್ಯ ಒಂದೂವರೆ ತಾಸಿನಲ್ಲಿ ಕರ್ಣ ಆಗುವುದನ್ನು ನೋಡಿದವರಿಗೆ ಮುಂದೆ ನಿದ್ದೆ ಬರುವುದಿಲ್ಲ. ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಚೌಕಿ ನೋಡದೆ ನೇರ ಆಟಕ್ಕೆ ಕೂತವರಲ್ಲಿ ಜಾಸ್ತಿ ಜನ ಅರ್ಧಕ್ಕೇ ಎದ್ದಿದ್ದಾರೆ.

ಒಮ್ಮೆ ಬೆಂಗಳೂರಿನಿಂದ ಒಬ್ಬ ಹುಡುಗ ಬಂದಿದ್ದ. ಬ್ಯಾಂಡಿನಲ್ಲಿ ಡ್ರಮ್ಸ್ ನುಡಿಸುವವನು. ಅವನ ಕನ್ನಡ ಅಷ್ಟಕ್ಕಷ್ಟೇ. ಅವನಿಗೆ ಬೇಸರ ಆಗುತ್ತದೆ ಎಂದುಕೊಂಡಿದ್ದೆ. ವೇಷಗಳು ಮೊದಲು ರಂಗಕ್ಕೆ ಬರುವ ಒಡ್ಡೋಲಗಕ್ಕೆ ಚಂಡೆ ಏರಿದಾಗ ಅವನು ನನ್ನ ಪಕ್ಕದಲ್ಲಿ ಇರಲಿಲ್ಲ. ಹುಡುಕಿದರೆ ಹಾಡುವವರು, ಬಾರಿಸುವವರು ಇರುವ ಹಿಮ್ಮೇಳದ ಬದಿಗೆ ಹೋಗಿ ನೆಲದ ಮೇಲೆ ಕೂತಿದ್ದಾನೆ. ಬೆಳಗಿನ ಮಂಗಳದವರೆಗೆ ಅಲ್ಲಿಂದ ಏಳಲಿಲ್ಲ. ಆಮೇಲೆ ಕಾರಿನಲ್ಲಿ ಅವನು ಹೇಳಿದ್ದನ್ನು ನಾನು ಅಷ್ಟು ವರ್ಷ ನೋಡಿಯೂ ಗಮನಿಸಿರಲಿಲ್ಲ. ಭಾಗವತರು ಪದ್ಯ ನಿಲ್ಲಿಸುವುದು ವೇಷಧಾರಿಯ ಕಾಲು ನೋಡಿಯಂತೆ. ವೇಷಧಾರಿ ಹೆಜ್ಜೆ ಬಿಡುವುದು ಚಂಡೆಯವರ ಕೈ ನೋಡಿಯಂತೆ. ಯಾರೂ ಯಾರಿಗೂ ಬಾಯಲ್ಲಿ ಹೇಳುವುದಿಲ್ಲ. “ಇದಕ್ಕೆ ರಿಹರ್ಸಲ್ ಎಲ್ಲಿ ಮಾಡ್ತಾರೆ?” ಎಂದು ಕೇಳಿದ. ದಿನಾ ರಾತ್ರಿ ಜನರ ಮುಂದೆಯೇ ಎಂದೆ. ಘಟ್ಟ ಹತ್ತಿ ಮುಗಿಯುವವರೆಗೆ ಅವನು ಮಾತಾಡಲಿಲ್ಲ.

ಆ ಘಟ್ಟದ ವಿಷಯವನ್ನೂ ಹೇಳಬೇಕು. ಶಿರಸಿಯಿಂದ ಕುಮಟಾ ಸುಮಾರು 60 ಕಿಲೋಮೀಟರ್. ನಡುವೆ ದೇವಿಮನೆ ಘಟ್ಟ. ಎರಡನೇ ವರ್ಷ ಒಂದು ಬೆಳಗಿನ ಜಾವ, ಇಡೀ ರಾತ್ರಿ ಆಟ ನೋಡಿ ನಾನೇ ಕಾರು ಓಡಿಸಿಕೊಂಡು ಬರುತ್ತಿದ್ದೆ. ಒಂದು ತಿರುವಿನಲ್ಲಿ ಕಣ್ಣು ಮುಚ್ಚಿತು. ಕಾರು ಗುಡ್ಡದ ಬದಿಯ ಚರಂಡಿಗೆ ಇಳಿಯಿತು. ಇನ್ನೊಂದು ಬದಿಗೆ ಹೋಗಿದ್ದರೆ ಇದನ್ನು ಬರೆಯಲು ನಾನು ಇರುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಎರಡು ಮಕ್ಕಳು ಮಲಗಿದ್ದವು. ಅವತ್ತಿನಿಂದ ಒಂದೇ ನಿಯಮ. ಕಾರು ಓಡಿಸುವವನು ಆಟ ನೋಡುವಂತಿಲ್ಲ, ಕಾರಿನಲ್ಲಿ ಮಲಗಬೇಕು. ಅಂಥ ಚಾಲಕ ಸಿಗದ ದಿನ ಘಟ್ಟದ ಕೆಳಗೇ ಕೋಣೆ ಮಾಡುತ್ತೇವೆ.

ಇಡೀ ರಾತ್ರಿ ಕೂರಲಾಗದವರಿಗೆ ಮೂರು, ನಾಲ್ಕು ತಾಸಿನ ಕಾಲಮಿತಿ ಆಟಗಳೂ ಇವೆ. ಹೊನ್ನಾವರ ತಾಲೂಕಿನ ಗುಣವಂತೆಗೂ ಕರೆದುಕೊಂಡು ಹೋಗುತ್ತೇನೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಯಕ್ಷಗಾನ ಮಂಡಳಿಯ ಊರು ಅದು. ಅಲ್ಲಿ ಮಗ ಶಂಭು ಹೆಗಡೆಯವರ ಹೆಸರಿನಲ್ಲಿ ನಾಟ್ಯೋತ್ಸವ ನಡೆಯುತ್ತದೆ. ಬೇರೆ ಬೇರೆ ಕಡೆಯ ಕಲೆಗಳೂ ಬರುತ್ತವೆ. ನಗರದ ಸಭಾಂಗಣದ ಅಭ್ಯಾಸ ಇದ್ದವರಿಗೆ ಇದು ಒಳ್ಳೆಯ ಮೊದಲ ಮೆಟ್ಟಿಲು.

ಶಿರಸಿ ಪೇಟೆಯ ರಾತ್ರಿಗಳೇ ಬೇರೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫಾಲ್ಗುಣ ಮಾಸದಲ್ಲಿ. 2022, 2024 ಹೀಗೆ ಸಮ ಸಂಖ್ಯೆಯ ವರ್ಷಗಳಲ್ಲಿ ಬರುತ್ತದೆ. ರಾತ್ರಿ ದೇವಿಯ ಕಲ್ಯಾಣ, ಮರುದಿನ ಬೆಳಿಗ್ಗೆ ರಥ, ಆಮೇಲೆ ಬಿಡಕಿ ಬೈಲಿನ ಗದ್ದುಗೆಯಲ್ಲಿ ಅಮ್ಮ ಕೂರುತ್ತಾಳೆ. ಅಷ್ಟೂ ದಿನ ಊರು ಮಲಗುವುದಿಲ್ಲ. ತೊಟ್ಟಿಲು, ಬಾವಿಯಲ್ಲಿ ಓಡುವ ಬೈಕು, ನಾಟಕ ಕಂಪನಿಗಳು, ಬೆಂಡು ಬತ್ತಾಸು. ಜಾತ್ರೆಗೆ ಬರುವ ಅತಿಥಿಗಳಿಗೆ ನಾನು ಹೇಳುವುದು ಎರಡೇ ಮಾತು. ಕೋಣೆ ತಿಂಗಳುಗಳ ಮುಂಚೆ ಹಿಡಿಯಿರಿ. ಕಾರನ್ನು ಪೇಟೆಯೊಳಗೆ ತರಬೇಡಿ. ಮತ್ತೆ ಒಂದು ರಾತ್ರಿ ಕಂಪನಿ ನಾಟಕಕ್ಕೆ ಟಿಕೆಟ್ ತೆಗೆದು ಕೂರಿ ಎಂದು ಒತ್ತಾಯವನ್ನೂ ಮಾಡುತ್ತೇನೆ. ಊರಿಂದೂರಿಗೆ ಕ್ಯಾಂಪ್ ಹಾಕುತ್ತಾ ಬದುಕುವ ಆ ಕಲಾವಿದರಿಗೆ ಜಾತ್ರೆಯ ದಿನಗಳೇ ವರ್ಷದ ಗಂಜಿ.

ಜಾತ್ರೆ ಇಲ್ಲದ ವರ್ಷ ಹೋಳಿಯ ಹೊತ್ತಿಗೆ ಬೇಡರ ವೇಷ. ನನ್ನನ್ನು ಕೇಳಿದರೆ ಇಡೀ ಜಿಲ್ಲೆಯಲ್ಲಿ ಪ್ರವಾಸಿ ನೋಡಲೇಬೇಕಾದ ರಾತ್ರಿ ಇದು. ಬೆನ್ನಿಗೆ ನವಿಲುಗರಿಯ ದೊಡ್ಡ ಚಕ್ರ, ಕೆಂಪು ಬಣ್ಣದ ಮುಖ, ಕೈಯಲ್ಲಿ ಕತ್ತಿ, ಗುರಾಣಿ. ತಮಟೆ ಏರುತ್ತಿದ್ದಂತೆ ಬೇಡ ಜನರ ಮೇಲೆ ನುಗ್ಗುತ್ತಾನೆ. ಹಿಂದೆ ಇಬ್ಬರು ಅವನ ಸೊಂಟದ ಹಗ್ಗ ಹಿಡಿದು ಎಳೆಯುತ್ತಾರೆ. ಒಂದೊಂದು ಕೇರಿಯಿಂದ ಒಂದೊಂದು ವೇಷ ಹೊರಡುತ್ತದೆ, ನಡುರಾತ್ರಿ ದಾಟಿಯೂ ಕುಣಿತ ನಿಲ್ಲುವುದಿಲ್ಲ. ಒಂದೇ ಚೌಕದಲ್ಲಿ ನಿಂತು ಕಾಯಬೇಡಿ, ತಮಟೆಯ ಸದ್ದು ಹಿಡಿದು ನಡೆಯಿರಿ. ವೇಷಕ್ಕೆ ದಾರಿ ಬಿಡಿ. ಚಿಕ್ಕ ಮಕ್ಕಳನ್ನು ಎತ್ತಿಕೊಳ್ಳಿ, ಅವು ನಿಜವಾಗಿ ಹೆದರುತ್ತವೆ. ಅದೇ ಹೋಳಿ ದಿನಗಳಲ್ಲಿ ಅಂಕೋಲಾ, ಕುಮಟಾ ಕಡೆ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತವೂ ಇರುತ್ತದೆ. ತಲೆಯ ಮೇಲೆ ಬಣ್ಣದ ತುರಾಯಿ, ಬಾಯಲ್ಲಿ ಹಾಡು. ಎರಡನ್ನೂ ನೋಡಬೇಕೆಂದರೆ ಮೂರು ದಿನ ಇಟ್ಟುಕೊಂಡು ಬನ್ನಿ.

ಸಂಗೀತ ಬೇಕು ಎನ್ನುವವರಿಗೆ ಬೈಠಕ್. ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆ ತೋಟದ ಮನೆಗಳಲ್ಲಿ ಹಿಂದೂಸ್ತಾನಿ ಹಾಡಿಸುವ ರೂಢಿ ಇದೆ. ಗಣಪತಿ ಭಟ್ ಹಾಸಣಗಿಯವರಂಥ ದೊಡ್ಡ ಗಾಯಕರು ಯಲ್ಲಾಪುರ ತಾಲೂಕಿನ ಹಳ್ಳಿಯಲ್ಲೇ ಇದ್ದು ಹೆಸರು ಮಾಡಿದವರು. ಟಿಕೆಟ್ ಇಲ್ಲ. ಆದರೆ ಅದು ಒಬ್ಬರ ಮನೆ. ಮುಂಚೆ ಕೇಳಬೇಕು, ಹೊತ್ತಿಗೆ ಸರಿಯಾಗಿ ಹೋಗಬೇಕು, ರಾಗದ ನಡುವೆ ಎದ್ದು ಓಡಾಡಬಾರದು. ನಡುವೆ ಚಹಾ ಬರುತ್ತದೆ, ಎಲೆ ಅಡಿಕೆಯ ಕವಳದ ಬಟ್ಟಲು ಬರುತ್ತದೆ.

ಗೋಕರ್ಣದ ಬೀಚ್ ಬಗ್ಗೆ ಕೇಳುವವರಿಗೂ ಹೋಗಬೇಡಿ ಎನ್ನುವುದಿಲ್ಲ. ಕುಡ್ಲೆಯಲ್ಲಿ ಸಂಜೆ ಕೂತು ಅಲೆ ನೋಡುವುದು ಸುಖವೇ. ಗೋವಾದಂಥ ಪಾರ್ಟಿ ಹುಡುಕಬೇಡಿ ಎನ್ನುತ್ತೇನೆ. ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಹಾಕದಂತೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮ ಇದೆ. ಹಬ್ಬಗಳಿಗೆ ಕೆಲವು ದಿನ ಸರ್ಕಾರ ಹನ್ನೆರಡರವರೆಗೆ ಸಡಿಲಿಸಬಹುದು, ಅಷ್ಟೇ. ಕುಡಿದು ಕತ್ತಲಲ್ಲಿ ನೀರಿಗಿಳಿಯಬೇಡಿ, ಓಂ ಬೀಚಿನ ಬಂಡೆಗಳು ರಾತ್ರಿ ಕಾಣುವುದಿಲ್ಲ. ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಕರಾವಳಿ ಉತ್ಸವ ನಡೆಯುವ ವರ್ಷ ಅಲ್ಲಿಗೆ ಹೋಗಿ. ದೊಡ್ಡ ವೇದಿಕೆ, ಸಿನಿಮಾ ಹಾಡು, ಮೀನೂಟ ಎಲ್ಲ ಒಂದೇ ಕಡೆ. ದಿನಾಂಕ ಗಟ್ಟಿಯಾಗದೆ ರೈಲು ಟಿಕೆಟ್ ಮಾಡಬೇಡಿ.

ಕಳೆದ ಮಳೆಗಾಲದಲ್ಲಿ ಆ ಡ್ರಮ್ಸ್ ಹುಡುಗ ಫೋನ್ ಮಾಡಿದ. ಈಗ ಆಟ ಇಲ್ಲ, ಮೇಳ ಮನೆ ಸೇರಿದೆ ಎಂದೆ. “ಮತ್ತೆ ಅವರೆಲ್ಲ ಈಗ ಏನ್ ಮಾಡ್ತಾರೆ?” ಎಂದು ಕೇಳಿದ. ತಾಳಮದ್ದಳೆ ಮಾಡುತ್ತಾರೆ ಎಂದೆ. ವೇಷ ಇಲ್ಲ, ಕುಣಿತ ಇಲ್ಲ, ಕೂತಲ್ಲೇ ಪದ್ಯ ಮತ್ತು ಮಾತು. ಅರ್ಥ ಆಗದಿದ್ದರೂ ಪರವಾಗಿಲ್ಲ, ಬರ್ತೀನಿ ಅಂದ. ಬಂದ. ಹೊರಗೆ ಹೆಂಚಿನ ಮೇಲೆ ಮಳೆ ಸುರಿಯುತ್ತಿತ್ತು. ಮದ್ದಳೆಯವರು ಅವನನ್ನು ಪಕ್ಕಕ್ಕೆ ಕರೆದು ಚಾಪೆಯಲ್ಲಿ ಜಾಗ ಬಿಟ್ಟುಕೊಟ್ಟರು.