ಮೊಹಲ್ಲಾದ ಮಸೀದಿಯಲ್ಲಿ ಇಫ್ತಾರ್ ಏರ್ಪಡಿಸುವ ಕುಟುಂಬಗಳಿಗೆ

ರಂಜಾನ್ ತಿಂಗಳ ಒಂದು ದಿನದ ಇಫ್ತಾರನ್ನು, ಅಂದರೆ ಸಂಜೆ ಉಪವಾಸ ತೊರೆಯುವ ಆಹಾರದ ಏರ್ಪಾಟನ್ನು, ತಮ್ಮ ಮನೆಯ ಪರವಾಗಿ ನಡೆಸಲು ಬಯಸುವವರು ಮೊದಲು ಮಸೀದಿಯನ್ನು ನಡೆಸುವ ಜಮಾಅತ್ ಸಮಿತಿಯವರನ್ನು ಕಂಡು ದಿನವನ್ನು ಗೊತ್ತುಪಡಿಸಿಕೊಳ್ಳಬೇಕು. ಚಾಂದ್ರಮಾನದ ಈ ತಿಂಗಳು ಪ್ರತಿ ವರ್ಷ ಸುಮಾರು 11 ದಿನ ಮುಂಚಿತವಾಗಿ ಬರುವುದರಿಂದ, ಹಳೆಯ ವೇಳಾಪಟ್ಟಿಯನ್ನು ನೆಚ್ಚಿಕೊಳ್ಳಬಾರದು.

ವೆಚ್ಚಕ್ಕೆ ಜಕಾತ್ (ಕಡ್ಡಾಯ ದಾನ) ಹಣವನ್ನು ಬಳಸದಿರುವುದು ಸರಿ; ಅದು ಬಡವರೇ ಮೊದಲಾದ ಎಂಟು ವರ್ಗದವರಿಗೆ ಮೀಸಲಾದದ್ದು, ಇಫ್ತಾರಿಗಾದರೋ ಉಳ್ಳವರೂ ಬಂದು ಕೂರುತ್ತಾರೆ.

ಸೂರ್ಯಾಸ್ತದ ಮಗ್ರಿಬ್ ನಮಾಜಿನ ಕರೆಯಾದ ಅಜಾನ್ ಕೇಳುತ್ತಲೇ ಉಪವಾಸ ತೊರೆದು, ಕೆಲವೇ ನಿಮಿಷಗಳಲ್ಲಿ ನಮಾಜಿಗೆ ನಿಲ್ಲಬೇಕಾಗುವುದರಿಂದ, ಖರ್ಜೂರ, ನೀರು, ಕತ್ತರಿಸಿದ ಹಣ್ಣು ಮತ್ತು ಬಿಸಿ ಗಂಜಿಯನ್ನು ಕಾಲು ಗಂಟೆ ಮೊದಲೇ ದಸ್ತರ್‌ಖಾನಿನ (ಊಟಕ್ಕೆ ಹಾಸುವ ಬಟ್ಟೆ) ಮೇಲೆ ಜೋಡಿಸಿರಬೇಕು. ಬಿರಿಯಾನಿಯಂತಹ ಊಟವನ್ನು ನಮಾಜಿನ ನಂತರ ಬಡಿಸುವುದೇ ಲೇಸು. ಸಮೋಸಾ ಕಡ್ಡಾಯವೇನಲ್ಲ, ಆದರೆ ಮಕ್ಕಳನ್ನು ಒಪ್ಪಿಸುವುದು ಕಷ್ಟ. ಬಡಿಸುವ ಕೆಲಸವನ್ನು ಮದರಸಾದ ಹುಡುಗರಿಗೆ ಒಪ್ಪಿಸಿ, ಮನೆಯ ಹಿರಿಯರು ಬಾಗಿಲಲ್ಲಿ ನಿಂತು ದಾರಿಹೋಕರನ್ನೂ ಕರೆಯಲಿ. ಮಹಿಳೆಯರಿಗೆ ಪ್ರತ್ಯೇಕ ಸ್ಥಳವಿಲ್ಲದ ಮಸೀದಿಗಳಲ್ಲಿ ಅವರ ಪಾಲನ್ನು ಬಡಿಸುವ ಮೊದಲೇ ತೆಗೆದಿರಿಸಿ ಮನೆಗಳಿಗೆ ಕಳುಹಿಸಬೇಕು, ಉಳಿದದ್ದನ್ನಲ್ಲ.

ಅನ್ಯಧರ್ಮೀಯ ನೆರೆಯವರನ್ನು ಆಹ್ವಾನಿಸಿದ್ದರೆ, ಅರ್ಧ ಗಂಟೆ ಮೊದಲೇ ಬರುವಂತೆ ತಿಳಿಸಿ, ಸಸ್ಯಾಹಾರದ ಪಾತ್ರೆಗಳನ್ನೂ ಸೌಟುಗಳನ್ನೂ ಬೇರೆಯಾಗಿಯೇ ಇರಿಸಬೇಕು.