ಮಿದುಳು ನೋಡುವ ಬಗೆಯನ್ನು ಕೃತಕ ನರಜಾಲದಿಂದ ಪರೀಕ್ಷಿಸುವುದು ಹೇಗೆ?

ಕಣ್ಣೆದುರಿನ ವಸ್ತುವನ್ನು ಮಿದುಳು ಹೇಗೆ ಗುರುತಿಸುತ್ತದೆ ಎಂಬ ಪ್ರಶ್ನೆಗೆ ಕೈಹಾಕಲು ಇಂದು ಸ್ವಂತ ಎಂಆರ್‌ಐ ಯಂತ್ರವೇನೂ ಬೇಕಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಲ್ಲವರು ಮನೆಯಲ್ಲಿ ಕುಳಿತೇ ಈ ಕೆಲಸವನ್ನು ಆರಂಭಿಸಬಹುದು. ಕೃತಕ ನರಜಾಲವೆಂದರೆ ಉದಾಹರಣೆಗಳಿಂದ ಕಲಿಯುವ, ಪದರ ಪದರವಾಗಿ ಲೆಕ್ಕ ಮಾಡುವ ಕಂಪ್ಯೂಟರ್ ಪ್ರೋಗ್ರಾಂ. ವಸ್ತುಗಳನ್ನು ಗುರುತಿಸಲೆಂದು ಪಳಗಿಸಿದ ನರಜಾಲದ ಮೇಲಿನ ಪದರಗಳು ಕೋತಿಯ ದೃಷ್ಟಿ ಮಿದುಳಿನ ನರಕೋಶಗಳ ಪ್ರತಿಕ್ರಿಯೆಯನ್ನು ಚೆನ್ನಾಗಿ ಊಹಿಸಬಲ್ಲವೆಂದು ವಿಜ್ಞಾನಿಗಳಾದ ಡೇನಿಯಲ್ ಯಾಮಿನ್ಸ್, ಜೇಮ್ಸ್ ಡಿಕಾರ್ಲೊ ಮತ್ತು ಸಂಗಡಿಗರು 2014ರಲ್ಲಿ ತೋರಿಸಿದ್ದರು. ಇಲ್ಲಿ ಹೇಳುವ ವಿಧಾನದ ಬೇರು ಅಲ್ಲಿದೆ.

ಮೊದಲು ನ್ಯಾಚುರಲ್ ಸೀನ್ಸ್ ಡೇಟಾಸೆಟ್ ಪಡೆದುಕೊಳ್ಳಿ. ಎಂಟು ಜನರಿಗೆ ಸಾವಿರಾರು ಛಾಯಾಚಿತ್ರಗಳನ್ನು, ಒಂದೊಂದನ್ನೂ ಮೂರು ಸಲದವರೆಗೆ ತೋರಿಸಿ, 7 ಟೆಸ್ಲಾ ಕಾಂತಬಲದ ಎಂಆರ್‌ಐ ಯಂತ್ರದಲ್ಲಿ ಅವರ ಮಿದುಳಿನ ಪ್ರತಿಕ್ರಿಯೆಯನ್ನು ಅಳೆದ ದಾಖಲೆ ಇದು. ಅಳತೆಯ ಘಟಕವಾದ ವೋಕ್ಸೆಲ್ 1.8 ಮಿಲಿಮೀಟರ್‌ನ ಘನ. ಅಷ್ಟರಲ್ಲೇ ಲಕ್ಷದ ಲೆಕ್ಕದಲ್ಲಿ ನರಕೋಶಗಳಿರುತ್ತವೆ ಎಂಬುದನ್ನು ಮರೆಯಬಾರದು. ಆರಂಭಕ್ಕೆ ಒಬ್ಬ ವ್ಯಕ್ತಿಯ ದಾಖಲೆ ಸಾಕು.

ಅವೇ ಚಿತ್ರಗಳನ್ನು ಚಿತ್ರದಲ್ಲಿನ ವಸ್ತುಗಳನ್ನು ಗುರುತಿಸಲು ಮೊದಲೇ ಪಳಗಿಸಿದ ಅಲೆಕ್ಸ್‌ನೆಟ್‌ನಂಥ ಸಿದ್ಧ ನರಜಾಲಕ್ಕೆ ಕೊಟ್ಟು, ಪ್ರತಿ ಪದರ ಹೊರಡಿಸುವ ಅಂಕಿಗಳನ್ನು ಉಳಿಸಿಕೊಳ್ಳಿ. ಆ ಅಂಕಿಗಳಿಂದ ಪ್ರತಿ ವೋಕ್ಸೆಲ್‌ನ ಪ್ರತಿಕ್ರಿಯೆಯನ್ನು ಊಹಿಸುವಂತೆ ರಿಜ್ ರಿಗ್ರೆಶನ್ (ಹಲವು ಅಂಕಿಗಳನ್ನು ಬೆರೆಸಿ ಒಂದನ್ನು ಊಹಿಸುವ ಸಂಖ್ಯಾಶಾಸ್ತ್ರದ ವಿಧಾನ) ನಡೆಸಿ. ಒಂದಷ್ಟು ದಾಖಲೆಗಳಿಂದ ಅದಕ್ಕೆ ತರಬೇತಿ ಕೊಟ್ಟು, ಉಳಿದವುಗಳಿಂದ ಪರೀಕ್ಷಿಸಿ; ಊಹೆ ನಿಜವಾದ ಪ್ರತಿಕ್ರಿಯೆಗೆ ಎಷ್ಟು ಹೊಂದುತ್ತದೋ ಅದೇ ನಿಮ್ಮ ಅಂಕ.

ಎಚ್ಚರ ಬೇಕಾದದ್ದು ಇಲ್ಲಿಯೇ. ನನ್ನ ಮೊದಲ ಪ್ರಯತ್ನದಲ್ಲಿ ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿ ಬಂದಿತ್ತು. ಹುಡುಕಿದಾಗ, ಒಂದೇ ಚಿತ್ರದ ಮೂರು ದಾಖಲೆಗಳಲ್ಲಿ ಎರಡು ತರಬೇತಿಗೂ ಒಂದು ಪರೀಕ್ಷೆಗೂ ಸೇರಿಹೋಗಿದ್ದವು. ಆದ್ದರಿಂದ ದಾಖಲೆಗಳನ್ನಲ್ಲ, ಚಿತ್ರಗಳನ್ನೇ ಎರಡು ಪಾಲು ಮಾಡಿ. ಒಂದೇ ಚಿತ್ರವನ್ನು ಮತ್ತೆ ತೋರಿಸಿದಾಗಲೂ ಮಿದುಳಿನ ಪ್ರತಿಕ್ರಿಯೆ ಏರುಪೇರಾಗುವುದರಿಂದ, ಯಾವ ಮಾದರಿಯೂ ದಾಟಲಾಗದ ಒಂದು ಮಿತಿ ಪ್ರತಿ ವೋಕ್ಸೆಲ್‌ಗೂ ಇರುತ್ತದೆ. ನಿಮ್ಮ ಅಂಕವನ್ನು ಆ ಮಿತಿಯೊಂದಿಗೆ ಹೋಲಿಸಿ ಓದಿದರಷ್ಟೇ ಅದಕ್ಕೆ ಅರ್ಥವಿದೆ. ಏನನ್ನೂ ಕಲಿಯದ, ತೂಕಗಳನ್ನು (ಕಲಿಕೆಯಲ್ಲಿ ಬದಲಾಗುವ ಒಳಗಿನ ಅಂಕಿಗಳನ್ನು) ಮನಬಂದಂತೆ ತುಂಬಿದ ಜಾಲದಿಂದಲೂ ಇದೇ ಲೆಕ್ಕವನ್ನು ಮಾಡಿ. ಅದೂ ಬಹುತೇಕ ಅಷ್ಟೇ ಅಂಕ ಪಡೆದರೆ, ಆ ಹೊಂದಾಣಿಕೆ ಕಲಿಕೆಯಿಂದ ಬಂದದ್ದೆಂದು ಹೇಳುವಂತಿಲ್ಲ.

ಸಾಮಾನ್ಯವಾಗಿ ಜಾಲದ ಆರಂಭದ ಪದರಗಳು ಅಂಚು, ಗೆರೆಗಳಿಗೆ ಸ್ಪಂದಿಸುವ, ದೃಷ್ಟಿ ಮಿದುಳಿನ ಮೊದಲ ಹಂತವಾದ ವಿ1 ಭಾಗಕ್ಕೂ, ಮೇಲಿನ ಪದರಗಳು ಮುಖ ಮತ್ತು ವಸ್ತುಗಳಿಗೆ ಸ್ಪಂದಿಸುವ ಭಾಗಗಳಿಗೂ ಹೆಚ್ಚು ಹೊಂದುತ್ತವೆ. ಈ ಕ್ರಮ ಪರದೆಯ ಮೇಲೆ ಮೂಡಿದಾಗ ಆಗುವ ಸಂತೋಷ ದೊಡ್ಡದು. ಆದರೂ ಚೆನ್ನಾಗಿ ಊಹಿಸಿದ್ದೇ ಮಿದುಳನ್ನು ಅರಿತಂತೆ ಎಂದು ತಿಳಿಯಬಾರದು; ನನ್ನ ದೃಷ್ಟಿಯಲ್ಲಿ, ಮಾದರಿ ತಪ್ಪುವ ಕಡೆಯೇ ಹೆಚ್ಚು ಕಲಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಸ್. ಪಿ. ಅರುಣ್ ಅವರ ತಂಡ 2021ರಲ್ಲಿ ಮಿದುಳಿಗೂ ಜಾಲಗಳಿಗೂ ಇರುವ ಇಂಥ ವ್ಯತ್ಯಾಸಗಳನ್ನೂ ಹುಡುಕಿತು. ಚಿಕ್ಕ ತ್ರಿಕೋನಗಳಿಂದ ಜೋಡಿಸಿದ ದೊಡ್ಡ ವೃತ್ತವನ್ನು ಕಂಡಾಗ ನಮಗೆ ಮೊದಲು ಹೊಳೆಯುವುದು ವೃತ್ತ. ಪಳಗಿದ ಜಾಲಗಳಲ್ಲಿ ಒಟ್ಟು ಆಕಾರಕ್ಕೆ ಆ ಪ್ರಾಶಸ್ತ್ಯ ಕಾಣಲಿಲ್ಲ. ಅಂಥ ಚಿತ್ರಗಳನ್ನು ನೀವೂ ಬರೆದು, ಒಮ್ಮೆ ವೃತ್ತವನ್ನು ಮಾತ್ರ, ಇನ್ನೊಮ್ಮೆ ತ್ರಿಕೋನಗಳನ್ನು ಮಾತ್ರ ಬದಲಿಸಿ, ಪ್ರತಿ ಪದರದ ಅಂಕಿಗಳು ಎಷ್ಟೆಷ್ಟು ಸರಿಯುತ್ತವೆಂದು ಅಳೆದು ನೋಡಿ.